ಸಣ್ಣಪುಟ್ಟ ಗಾಯದ ಡಬ್ಬಿ

೧೧ ಏಪ್ರಿಲ್ ೧೯೩೯, ಮಣ್ಣೂರ

ಸೊಲ್ಲಾಪುರದ ಗಿರಣಿಯಲ್ಲಿ ಪ್ರಥಮೋಪಚಾರದ ಕ್ಲಾಸು ನಡೆಸುತ್ತಿದ್ದ ಮಾಸ್ತರರು ಒಂದು ಚಟ ಹಚ್ಚಿಬಿಟ್ಟಿದ್ದಾರೆ. ಗಾಯ ನೋಡಿದವನು ತಾರೀಖು ಹಾಕಿ ಬರೆದಿಡಬೇಕು: ಏನಾಯಿತು, ಏನು ಮಾಡಿದೆ, ಡಬ್ಬಿಯಿಂದ ಏನು ತೆಗೆದೆ. ಮೂರು ವರ್ಷ ಹಾಗೆಯೇ ಬರೆದೆ. ಊರಿಗೆ ಬಂದರೂ ವಹಿ ಬಿಟ್ಟಿರಲಾಗುತ್ತಿಲ್ಲ. ಅವ್ವನಿಗೆ ಅಕ್ಷರ ಬರುವುದಿಲ್ಲ, ಅಣ್ಣನ ಹೆಂಡತಿ ವೈನಿಗೂ ಬರುವುದಿಲ್ಲ, ಹಾಗಾಗಿ ಮನಸ್ಸಿಗೆ ಬಂದದ್ದನ್ನೂ ಬರೆಯಬಹುದು.

ನಾಡಿದ್ದು ಅಫಜಲಪುರದ ಅದಾಲತ್ತಿನಲ್ಲಿ ಮೊದಲ ಪೇಶಿ. ನಾಳೆ ನಸುಕಿನಲ್ಲಿ ಬಂಡಿ ಹೂಡಬೇಕು. ಅಣ್ಣ ಧರ್ಮಣ್ಣನನ್ನು ಕಡಿದು ನಾಳೆಗೆ ನಲವತ್ತೊಂದು ದಿನ. ಬೇಸಿಗೆಗೆ ಭೀಮೆ ಹಿಂದೆ ಸರಿದಾಗ ಉಸುಕಿನಲ್ಲಿ ಕಲ್ಲಂಗಡಿ ಹಾಕುವುದು ನಮ್ಮೂರ ಪದ್ಧತಿ. ಈ ವರ್ಷ ಹೊಳೆ ಹರಿವು ಬದಲಿಸಿ ಉಸುಕಿನ ದಿಬ್ಬವನ್ನು ಆಚೀಚೆ ಮಾಡಿತು. ದಿಬ್ಬ ನಮ್ಮದು ಅಂದ ಅಣ್ಣ. ನಮ್ಮದು ಅಂದ ಬೀರಣ್ಣ. ಮುಂದಿನ ಮಳೆಗೆ ಹೊಳೆಯೇ ಅದನ್ನು ಎಳೆದುಕೊಂಡು ಹೋಗುತ್ತದೆ, ಆದರೂ ಬೀರಣ್ಣ ಅದಕ್ಕಾಗಿ ಕೊಡಲಿ ಎತ್ತಿದ. ಬುತ್ತಿ ತಂದ ವೈನಿ ನಿಂಬೆವ್ವ ಅದನ್ನು ಕಣ್ಣಾರೆ ಕಂಡಳು. ಅವಳೊಬ್ಬಳೇ ಸಾಕ್ಷಿ. ಬೀರಣ್ಣನ ಕಾಕಾ ಹಣಮಂತ್ರಾಯ ಯಾರ್ಯಾರದೋ ಕೈಕಾಲು ಹಿಡಿದು ಅವನನ್ನು ಜಾಮೀನಿನ ಮೇಲೆ ಬಿಡಿಸಿಕೊಂಡು ಬಂದಿದ್ದಾನೆ. ಈಗ ಅವನೂ ನಾವೂ ಒಂದೇ ಊರಲ್ಲಿ, ಒಂದೇ ಹೊಳೆಯ ನೀರು ಕುಡಿಯುತ್ತಿದ್ದೇವೆ.

ಡಬ್ಬಿ ಕಟ್ಟಿದೆ. ಬಿಸ್ಕೀಟಿನ ತಗಡಿನ ಡಬ್ಬಿ, ಮುಚ್ಚಳ ಗಟ್ಟಿ. ಟಿಂಕ್ಚರ್ ಸೀಸೆ, ಹತ್ತಿ, ವೈನಿಯ ಹಳೆಯ ಸೀರೆ ಹರಿದು ಕುದಿಸಿ ಒಣಗಿಸಿದ ಎಂಟು ಪಟ್ಟಿ, ಜಾಲಿಮುಳ್ಳು ತೆಗೆಯಲು ಸೂಜಿ, ಕೊಯ್ದ ಗಾಯಕ್ಕೆ ತಿಕ್ಕಲು ಪಟಕದ ಹರಳು, ಹೊಟ್ಟೆ ಕೆಟ್ಟರೆ ಅಜವಾನ, ಚೇಳು ಕಚ್ಚಿದರೆ ನವಸಾಗರ ಮತ್ತು ಸುಣ್ಣ. ಕೊನೆಗೆ ಗಿರಣಿಯಿಂದ ತಂದ ಕಂಡಿಕೆ, ಅಂದರೆ ನೂಲು ಸುತ್ತುವ ಗೇಣುದ್ದದ ಕಟ್ಟಿಗೆ. ಅದು ಯಾಕೆ ಎಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾಗುವ ಪ್ರಸಂಗ ಬಾರದಿರಲಿ. ಹಾದಿಯಲ್ಲಿ ಆಗುವುದು ಸಣ್ಣಪುಟ್ಟ ಗಾಯ, ಅದಕ್ಕೆ ಇಷ್ಟು ಸಾಕು.

ಅವ್ವ ಬಾಗಿಲಲ್ಲಿ ನಿಂತು ನೋಡಿದಳು. "ಖೂನಿ ಕೇಸಿಗಿ ಹೊಂಟವ ಅಜವಾನ ಕಟ್ಟಾಕತ್ತಾನ ನೋಡವ್ವ! ಮದವಿ ದಿಬ್ಬಣ ಹೊಂಟದೇನೋ ಭಾಡ್ಯಾ?"

ಆಮೇಲೆ ಗೂಟಕ್ಕೆ ತೂಗುಹಾಕಿದ ಅಣ್ಣನ ರುಮಾಲು ಇಳಿಸಿ ತಂದಳು. ನಮ್ಮ ಮನೆತನದಲ್ಲಿ ಹಗೆ ತೀರುವವರೆಗೆ ಸತ್ತವನ ರುಮಾಲು ತೊಳೆಯುವುದಿಲ್ಲ. ರಕ್ತ ಒಣಗಿ ಬಟ್ಟೆ ತೊಗಲಿನಂತಾಗಿದೆ. ಅದರ ಅಂಚಿನಿಂದ ಒಂದು ಮೊಳ ಹರಿದು ಡಬ್ಬಿಗೆ ತುರುಕಿದಳು. "ಇದು ಅಡಿಯಾಗಿರಲಿ. ನೀ ಮರೀತಿ, ಇದು ಮರ್ಯಂಗಿಲ್ಲ."

ಹೊಲಸು ಬಟ್ಟೆ ಡಬ್ಬಿಯಲ್ಲಿ ಇರಬಾರದು ಎಂಬುದು ಕ್ಲಾಸಿನ ಮೊದಲ ಪಾಠ. ಅವ್ವನಿಗೆ ಹೇಳಿ ಗೆದ್ದವರುಂಟೇ? ಕಾಗದ ಸುತ್ತಿ ತಳದಲ್ಲಿಟ್ಟೆ.

ಅವ್ವ ಒಳಗೆ ಹೋದ ಮೇಲೆ ವೈನಿ ಬಂದಳು. "ದೌಲು, ನನ್ನ ಅದಾಲತ್ತಿನ ಕಟ್ಟಿಗಿ ಮುಟ್ಟಸು. ನಾ ಕಂಡದ್ದು ಹೇಳ್ತೇನಿ, ಸರಕಾರ ಅವಂಗ ಏನ್ ಮಾಡ್ತದ ಮಾಡ್ಲಿ. ಆದರ ಆ ಉಸುಕಿನ ಸಲುವಾಗಿ ಇನ್ನೊಂದು ಹೆಣ ಬೀಳಬಾರದು. ಅವರ ಮನ್ಯಾಗೂ ಒಬ್ಬಾಕಿ ಇದ್ದಾಳ ನನ್ನಂಥಾಕಿ. ಆಣಿ ಮಾಡು."

ಡಬ್ಬಿಯ ಮೇಲೆ ಕೈಯಿಟ್ಟು ಆಣೆ ಮಾಡಿದೆ. ದೌಲತರಾಯ ಕೊಟ್ಟ ಮಾತಿಗೆ ತಪ್ಪುವವನಲ್ಲ.

೧೪ ಏಪ್ರಿಲ್

ಹೋಗಿ ಬಂದೆವು. ಪೇಶಿ ಆಗಲಿಲ್ಲ, ಸಾಹೇಬರು ದೌರೆಯ ಮೇಲೆ ಊರೂರು ತಿರುಗಲು ಹೋಗಿದ್ದಾರಂತೆ. ಒಂದು ದಿನದ ಹಾದಿ ಹೋಗಿ, "ಜೂನ್‌ದಾಗ ಬರ್ರಿ" ಎಂದು ಕೇಳಿಸಿಕೊಂಡು ಬಂದದ್ದಾಯಿತು.

ಫಿರ್ಯಾದಿಗೂ ಆರೋಪಿಗೂ ಬೇರೆ ಬೇರೆ ಹಾದಿ ಇಲ್ಲ. ಮುಂದೆ ಬೀರಣ್ಣನ ಬಂಡಿ, ಅದು ಎಬ್ಬಿಸಿದ ಧೂಳು ತಿನ್ನುತ್ತ ಹಿಂದೆ ನಮ್ಮದು. ಹವಳಗಾದ ಬಾವಿಯ ಹತ್ತಿರ ಒಂದೇ ಬೇವಿನ ಮರ. ಅತ್ತ ಅವರು ಬುತ್ತಿ ಬಿಚ್ಚಿದರು, ಇತ್ತ ನಾವು. ಹಗೆಯವರು ನೀರು ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ. ಅವರು ಕೊಡ ಎತ್ತಿದ ಮೇಲೆ ನಮ್ಮ ಬಂಡಿ ಹೊಡೆಯುವ ಸೈದಪ್ಪ ಕಾಕಾ ಹಗ್ಗ ಮೂರು ಸಲ ತೊಳೆದು ಆಮೇಲೆ ನೀರು ಸೇದಿದ.

ಅಲ್ಲಿಯೇ ಬೀರಣ್ಣನಿಗೆ ಚೇಳು ಕಚ್ಚಿತು. ಕಲ್ಲಿನ ಮೇಲೆ ಕೈ ಊರಿದ್ದನಂತೆ. ಆರಡಿ ಎತ್ತರದ ಮನುಷ್ಯ ಮಗುವಿನಂತೆ ಒದರಿದ. ಅವನ ಕಡೆಯವರು ಮಂತ್ರ ಹಾಕುವವನನ್ನು ಹುಡುಕಲು ಓಡಿದರು. ನಾನು ಕೂತೇ ಇದ್ದೆ, ಆದರೆ ಕೂತಿರಲು ಆಗಲಿಲ್ಲ. ಗಾಯಕ್ಕೆ ಹೆಸರಿಲ್ಲ ಅಂತ ಮಾಸ್ತರರು ಹೇಳಿದ್ದರು. ಡಬ್ಬಿ ಒಯ್ದು ನವಸಾಗರ ಸುಣ್ಣ ತಿಕ್ಕಿ ಹಚ್ಚಿದೆ. ಅಣ್ಣನನ್ನು ಕಡಿದ ಕೈ ಅದು. ನನ್ನ ತೊಡೆಯ ಮೇಲಿಟ್ಟುಕೊಂಡೇ ಹಚ್ಚಿದೆ. ನೋವು ಇಳಿದ ಮೇಲೆ ಅವನು ತಲೆ ಎತ್ತದೆ ಒಂದೇ ಮಾತು ಅಂದ: "ನಿನ್ನ ಕೈ ಹಗೂರ ಅದ."

ಸೈದಪ್ಪ ಕಾಕಾ ಊರು ಮುಟ್ಟಿದ ಕೂಡಲೇ ಅವ್ವನ ಕಿವಿಗೆ ಹಾಕಿದ. ಅವ್ವ ನನ್ನ ಮುಂದಿನ ತಾಟು ಎಳೆದುಕೊಂಡಳು. "ದೇವರು ಕಚ್ಚಿಸಿದ್ದು ಅದು. ನೀ ಬಿಡಿಸಿದಿ. ಥೂ, ನನ್ನ ಹೊಟ್ಟ್ಯಾಗ ಕಲ್ಲರ ಹುಟ್ಟಬಾರದಾಗಿತ್ತೇನೋ!"

ಉಪವಾಸ ಮಲಗಿದೆ. ವೈನಿ ಒಂದು ರೊಟ್ಟಿ, ಉಳ್ಳಾಗಡ್ಡಿ ತಂದು ತಲೆದಿಂಬಿನ ಹತ್ತಿರ ಇಟ್ಟು ಹೋದಳು.

೮ ಜೂನ್, ಅಫಜಲಪುರ

ಇವತ್ತು ಡಬ್ಬಿ ಒಂದು ಜೀವ ಉಳಿಸಿತು! ಕೈ ಇನ್ನೂ ಅಂಟಂಟಾಗಿದೆ, ಆದರೂ ಬರೆಯುತ್ತೇನೆ.

ಹವಳಗಾ ದಾಟಿದ ಮೇಲೆ ಹಣಮಂತ್ರಾಯನ ಬಂಡಿ ನಮ್ಮದನ್ನು ಹಿಂದೆ ಹಾಕಿತು. ಹಾಯುವಾಗ ಅವನ ಆಳು ಬೇಕಂತಲೇ ನಮ್ಮ ಹೊಸ ಎತ್ತಿನ ಕಣ್ಣಿಗೆ ಬಾರುಕೋಲು ಬೀಸಿದ. ಎತ್ತು ಬೆದರಿ ನೊಗದಿಂದ ಕಿತ್ತುಕೊಂಡಿತು. ಹಿಡಿಯಲು ಇಳಿದ ಸೈದಪ್ಪ ಕಾಕಾನ ತೊಡೆಗೆ ಕೊಂಬು ಹೊಕ್ಕಿತು. ಕೊಂಬು ಹೊರಬಂದದ್ದೇ ತಡ, ರಕ್ತ ಚಿಮ್ಮಿ ಗಾಲಿಯವರೆಗೆ ಹಾರಿತು. ಮುಂದಿನ ಬಂಡಿಯಲ್ಲಿ ನಗು ಕೇಳಿಸಿತು. ಬೀರಣ್ಣ ಹಿಂದಿರುಗಿ ನೋಡಿ ಎತ್ತು ತಡೆದ, ಹಣಮಂತ್ರಾಯ ಗದರಿದ, ಬಂಡಿ ಹೋಯಿತು.

ನಾನು ಡಬ್ಬಿ ತೆಗೆಯುವಷ್ಟರಲ್ಲಿ ವೈನಿ ಸೆರಗು ಹರಿದು ತೊಡೆಗೆ ಮೇಲೆ ಕಟ್ಟಿಬಿಟ್ಟಿದ್ದಳು, ಹಾವು ಕಚ್ಚಿದಾಗ ನಮ್ಮ ಕಡೆ ಕಟ್ಟುತ್ತಾರಲ್ಲ ಹಾಗೆ. ಪಾಪ, ಶಕ್ತಿ ಹಾಕಿ ಎಳೆದಿದ್ದಳು. ಆದರೆ ವಿಷಕ್ಕೆ ಕಟ್ಟುವ ಗಂಟು ರಕ್ತಕ್ಕೆ ಸಾಲದು. ಅರ್ಧ ಬಿಗಿದರೆ ರಕ್ತ ನಿಲ್ಲುವುದಿರಲಿ, ಇನ್ನೂ ಜೋರಾಗಿ ಬರುತ್ತದೆ. ಬಂದೇಬಂತು.

"ಸರೀರಿ ವೈನಿ!" ಎಂದು ಒದರಿ ಕಂಡಿಕೆಯನ್ನು ಗಂಟಿನೊಳಗೆ ತೂರಿಸಿ ತಿರುವಿದೆ. ಒಂದು ಸುತ್ತು, ಎರಡು, ಮೂರು. ಕಾಕಾ ಹಲ್ಲು ಕಚ್ಚಿ ನನ್ನ ಅಪ್ಪನನ್ನೂ ಅಜ್ಜನನ್ನೂ ಬೈದ. ನಾಲ್ಕನೇ ಸುತ್ತಿಗೆ ನಲ್ಲಿ ಬಂದ್ ಮಾಡಿದಂತೆ ನಿಂತಿತು.

ವೈನಿ ಬಾಯಿ ತೆರೆದು ನೋಡಿದಳು. "ಏನೋ ಇದು ದೌಲು, ಮಾಟ ಮಾಡಿದಂಗ ನಿಂತಿತಲ್ಲೋ! ಬ್ಯಾರೆ ಕಟಗಿಲೇ ಆಗ್ತದೇನು?"

"ಬ್ಯಾರೆ ಕಟಗಿಗಿ ಇಷ್ಟು ಧೈರ್ಯ ಎಲ್ಲೀದ್ರಿ? ಇದು ಸೊಲ್ಲಾಪುರದ ಕಟಗಿ. ಇದ ಬೇಕು" ಅಂದೆ. ಚೇಷ್ಟೆಗೆ ಅಂದೆ. ಬಾರುಕೋಲಿನ ತುಂಡಾದರೂ ನಡೆಯುತ್ತದೆ, ಸೌಟಾದರೂ ನಡೆಯುತ್ತದೆ. ಆದರೆ ದವಾಖಾನೆಯಲ್ಲಿ ಗಂಟು ಬಿಚ್ಚಿದ ಮೇಲೆ ಆಕೆ ಕಂಡಿಕೆಯನ್ನು ಸೆರಗಿನಿಂದ ಒರೆಸಿ, ಹಣೆಗೊತ್ತಿಕೊಂಡು ಡಬ್ಬಿಯಲ್ಲಿಟ್ಟಳು. ದೊಡ್ಡ ಡಾಕ್ಟರನಾದಂತೆ ನನಗೂ ಹಿಗ್ಗಾಯಿತು.

ಕಾಕಾನನ್ನು ಅಫಜಲಪುರದ ದವಾಖಾನೆಗೆ ಹಾಕಿದ್ದೇವೆ. ಬದುಕುತ್ತಾನೆ.

೯ ಜೂನ್

ಪೇಶಿ ಮತ್ತೆ ಮುಂದಕ್ಕೆ. ಇಲ್ಲಿ ಎರಡೂ ಪಾರ್ಟಿ ಬಡಿದಾಡಬಹುದೆಂದು ಕೇಸನ್ನು ಆಳಂದಕ್ಕೆ ಹಾಕಿದ್ದಾರೆ. ಇನ್ನು ಒಂದು ದಿನದ ಹಾದಿ ಎರಡು ದಿನವಾಯಿತು. ನಮ್ಮ ವಕೀಲ ಶಾಂತಲಿಂಗಪ್ಪನವರು "ಬಾರುಕೋಲಿಂದು ಬ್ಯಾರೆ ಕೇಸು ಹಾಕಿದ್ರ ಛಲೋ, ಹಾಕದಿದ್ರೂ ಛಲೋ" ಅಂದರು. ಅವರ ಮಾತು ಯಾವಾಗಲೂ ಹಾವೂ ಸಾಯಬಾರದು ಕೋಲೂ ಮುರಿಯಬಾರದು. ಮೈ ಉರಿಯಿತು.

೩ ಜುಲೈ, ಮಣ್ಣೂರ

ನಾವು ಬಿತ್ತಲು ಹೋದಾಗ ನಮ್ಮ ಕಣಿಕೆಯ ಬಣವೆಗೆ ಬೆಂಕಿ ಹಚ್ಚಿದರು. ಹಾಡಹಗಲು. ಆರಿಸಲು ಹೋದ ಅವ್ವನ ತಲೆಗೆ ಕಲ್ಲು ಬಿತ್ತು. ಒಂದು ಕರು ಬೆಂದುಹೋಯಿತು. ಅದು ಒದರಿದ್ದು ಇನ್ನೂ ಕಿವಿಯಲ್ಲಿದೆ.

ಅವ್ವನ ತಲೆಗೆ ರೇಷ್ಮೆ ದಾರದಲ್ಲಿ ನಾಲ್ಕು ಹೊಲಿಗೆ ಹಾಕಿದೆ. ಕ್ಲಾಸಿನಲ್ಲಿ ಕಲಿಸಿರಲಿಲ್ಲ, ನಾನೇ ಹಾಕಿದೆ. ಮಹಾತಾಯಿ ಹಾ ಅನ್ನಲಿಲ್ಲ, ಹೂ ಅನ್ನಲಿಲ್ಲ. ಮುಗಿದ ಮೇಲೆ ಗೂಟದ ಕಡೆ ಬೆರಳು ಮಾಡಿದಳು. "ಮುಳ್ಳಿಲೇ ಮುಳ್ಳು ತೆಗೀಬೇಕೋ ದೌಲ್ಯಾ. ಸೂಜಿಲೇ ಅಲ್ಲ."

ಸಣ್ಣಪುಟ್ಟ ಗಾಯ. ಪಟ್ಟಿ ಎರಡು ಹೋದವು.

೨೨ ಜುಲೈ

ಅಫಜಲಪುರಕ್ಕೆ ಹೋಗಿ ರಸೂಲನ ಅಂಗಡಿಯಿಂದ ಸಾಮಾನು ತಂದೆ. ರಸೂಲ ಮೊದಲು ದವಾಖಾನೆಯಲ್ಲಿ ಕಂಪೌಂಡರನಾಗಿದ್ದವನು, ಈಗ ತನ್ನದೇ ಔಷಧದ ಅಂಗಡಿ. ಒಳ್ಳೆಯ ಮನುಷ್ಯ, ಬಾಯಿ ಮಾತ್ರ ದೊಡ್ಡದು.

"ಕ್ಯಾ ಮಿಯಾಂ" ಅಂದ. "ಮೊದಲನೇ ಸಲ ಬಂದಾಗ ಅಜವಾನ, ನವಸಾಗರ ಅಂದ್ರಿ. ಈಗ ಟಿಂಕ್ಚರ್ ದೊಡ್ಡ ಸೀಸಾ, ಪಟ್ಟಿ ಹತ್ತು ಗಜ, ಹೊಲಿಗಿ ಸೂಜಿ. ಸಫರಿಗಿ ಹೊಂಟೀರೋ ಲಡಾಯಿಗಿ ಹೊಂಟೀರೋ?"

"ಹಾದಿ ಕೆಟ್ಟದ ರಸೂಲಭಾಯಿ."

"ಹಾದಿ ಮೊದಲಿನಂಗ ಅದರಿ. ನಿಮ್ಮ ಕಣ್ಣು ಬ್ಯಾರೆ ಆಗ್ಯಾವ. ಹ್ವಾದ ಸಲ ಕೂತು ಚಾ ಕುಡದು, ಗಿರಣಿ ಮಾತು ಹೇಳಿ, ನಕ್ಕೊಂತ ಹೋಗಿದ್ರಿ."

ನನ್ನ ಕಣ್ಣಿಗೆ ಏನಾಗಿದೆ? ನೀರಿನಲ್ಲಿ ನೋಡಿಕೊಂಡೆ, ಹಾಗೆಯೇ ಇವೆ. ಅಂಗಡಿಯವನು ಸಾಮಾನು ಕೊಡಬೇಕು, ಶಾಸ್ತ್ರ ಹೇಳಬಾರದು. ಚಹಾ ಕುಡಿಯದೇ ಬಂದೆ.

೧೯ ಸೆಪ್ಟೆಂಬರ್, ಆಳಂದದ ಹಾದಿ

ಸಜ್ಜೆಯ ಹೊಲದಿಂದ ಮೂವರು ಬಂದರು. ಮುಖಕ್ಕೆ ರುಮಾಲು ಸುತ್ತಿದ್ದರು. ಸೈದಪ್ಪ ಕಾಕಾ ಕುಂಟುಗಾಲಲ್ಲಿ ಇಳಿಯುವ ಮೊದಲೇ ಒಬ್ಬ ಬಂಡಿ ಹತ್ತಿದ. ಅವನಿಗೆ ನಾನೂ ಬೇಡ, ಕಾಕಾನೂ ಬೇಡ. ನೇರ ವೈನಿಯ ಮೇಲೆ ಕೊಡಲಿ ಬೀಸಿದ. ಆಕೆ ಕೈ ಅಡ್ಡ ಹಿಡಿದಳು.

ಬಲಗೈಯ ಎರಡು ಬೆರಳು ಹುಲ್ಲಿನ ಮೇಲೆ ಬಿದ್ದವು. ಕಿರಿಬೆರಳು ಮತ್ತು ಅದರ ಪಕ್ಕದ್ದು.

ನಾನು ನೊಗದ ಗೂಟ ಕಿತ್ತು ಅವನ ಮುಖಕ್ಕೆ ಹೊಡೆದೆ. ಮೂಗಿನ ಎಲುಬು ಮುರಿದ ಸದ್ದು ಕೇಳಿತು. ಬಿದ್ದ ಮೇಲೆ ಮತ್ತೂ ಹೊಡೆದೆ. ಕಾಕಾ ಹಿಂದಿನಿಂದ ತೆಕ್ಕೆ ಹಾಕಿ ಎಳೆಯದಿದ್ದರೆ ಹೊಡೆಯುತ್ತಲೇ ಇರುತ್ತಿದ್ದೆ. ಉಳಿದಿಬ್ಬರು ಅವನನ್ನು ಹೊತ್ತುಕೊಂಡು ಓಡಿದರು. ಹಲ್ಲು ಅಲ್ಲಿಯೇ ಬಿದ್ದಿದ್ದವು. ಈ ವಹಿಯಲ್ಲಿ ನಾನು ಕಟ್ಟಿದ ಗಾಯ ಮಾತ್ರ ಬರೆಯಬೇಕು, ಆದರೂ ಇದನ್ನು ಬರೆಯುತ್ತಿದ್ದೇನೆ. ಆ ಸದ್ದು ಚೆನ್ನಾಗಿತ್ತು.

ವೈನಿಯ ಕೈಗೆ ಟಿಂಕ್ಚರ್ ಸುರಿದು ಪಟ್ಟಿ ಬಿಗಿದೆ. ಐದು ಪಟ್ಟಿ. ಆಕೆ ಅಳಲಿಲ್ಲ. ಹೆಬ್ಬೆರಳನ್ನು ಆಡಿಸಿ ಆಡಿಸಿ ನೋಡಿದಳು. "ಹೆಬ್ಬೆಟ್ಟು ಅದ, ದೌಲು. ರುಜು ಮಾಡಾಕ ಇಷ್ಟ ಸಾಕು. ಬಂಡಿ ಹೊಡಿ ಅನ್ನು."

ಸ್ವಲ್ಪ ದೂರ ಹೋದ ಮೇಲೆ ಮತ್ತೆ ಅಂದಳು: "ಬೀರಣ್ಣ ಇರಲಿಲ್ಲ ಅದರಾಗ. ಇದು ಆ ಮುದುಕ ಹಣಮಂತ್ರಾಯನ ಕೆಲಸ. ಅವ ಬೀರಣ್ಣನ್ನ ಉಳಸಾಕ ಮಾಡಾಕತ್ತಾನೋ ಅವನ ಹೊಲ ನುಂಗಾಕ ಮಾಡಾಕತ್ತಾನೋ ಯಾರಿಗ್ಗೊತ್ತು."

ಇದ್ದನೋ ಇಲ್ಲವೋ, ನನಗೆ ಎಲ್ಲ ಮುಖವೂ ಒಂದೇ.

೨೦ ಸೆಪ್ಟೆಂಬರ್, ಆಳಂದ

ಸಾಹೇಬರ ಮುಂದೆ ವೈನಿ ನಿಂತಳು. ಪಟ್ಟಿಯಿಂದ ರಕ್ತ ಫರಶಿಗೆ ತೊಟ್ಟಿಕ್ಕುತ್ತಿತ್ತು. ಕಂಡದ್ದು ಕಂಡಂತೆ ಹೇಳಿದಳು. ಬೀರಣ್ಣ ಕಟಕಟೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ, ಒಮ್ಮೆಯೂ ಇಲ್ಲ ಎನ್ನಲಿಲ್ಲ. ಅವರ ವಕೀಲ ಪಾಟೀಸವಾಲಿಗೆ ವಾಯಿದೆ ಕೇಳಿದ. ನವೆಂಬರ್ ಹತ್ತು.

೪ ಅಕ್ಟೋಬರ್, ಮಣ್ಣೂರ

ಗಿರಣಿಯಿಂದ ಕಾಗದ ಬಂತು. ಇಷ್ಟು ದಿನ ಗೈರುಹಾಜರಿ, ಹೆಸರು ತೆಗೆದಿದ್ದಾರೆ. ಬೇಕಾದರೆ ದೀಪಾವಳಿಯ ನಂತರ ಬಂದು ಕೇಳಬೇಕಂತೆ. ಓದಿ ಒಲೆಗೆ ಹಾಕಿದೆ. ಮೂರು ವರ್ಷದ ಹಿಂದೆ ಆ ಕೆಲಸಕ್ಕಾಗಿ ಹನ್ನೊಂದು ದಿನ ಗೇಟಿನ ಮುಂದೆ ಕೂತಿದ್ದೆ.

ಡಬ್ಬಿ ಹೊಸದಾಗಿ ಜೋಡಿಸಿದೆ. ಅಜವಾನ, ನವಸಾಗರ ತೆಗೆದೆ. ಚೇಳಿನ ಕಾಲ ಮುಗಿಯಿತು. ಮುಳ್ಳಿನ ಸೂಜಿ ಪಕ್ಕದ ಮನೆಯ ರೇವಮ್ಮಕಾಕಿಗೆ ಕೊಟ್ಟೆ. ಆ ಜಾಗದಲ್ಲಿ ಎಂಟು ಬೆರಳುದ್ದದ ಚೂರಿ, ಅರಿವೆ ಸುತ್ತಿ. ಪಟ್ಟಿ ಕತ್ತರಿಸಲು ಬೇಕಾಗುತ್ತದೆ. ಕಂಡಿಕೆಗೆ ಜಾಗ ಸಾಲಲಿಲ್ಲ, ಕೋಟಿನ ಒಳಕಿಸೆಗೆ ಹಾಕಿದೆ.

೧೧ ಅಕ್ಟೋಬರ್

ಇವತ್ತು ಏನೂ ಇಲ್ಲ. ಚೂರಿ ಮಸೆದೆ.

೧೭ ಅಕ್ಟೋಬರ್

ಚೂರಿ ಮಸೆದೆ. ಬೀರಣ್ಣನ ಹೆಂಡತಿ ಹೊಳೆಯಲ್ಲಿ ಸಿಕ್ಕಳು, ಬಸುರಿ. ನನ್ನನ್ನು ಕಂಡು ಕೊಡ ಅಲ್ಲಿಯೇ ಬಿಟ್ಟು ಓಡಿದಳು. ಯಾಕೆ ಓಡಬೇಕಿತ್ತು? ನಾನು ಏನು ಮಾಡಿದೆ?

೭ ನವೆಂಬರ್

ನಾಳೆ ಆಳಂದಕ್ಕೆ ಹೊರಡುವುದು. ಸೈದಪ್ಪ ಕಾಕಾ ಹುಲ್ಲಿನ ಅಡಿಯಲ್ಲಿ ಕೊಡಲಿ ಇಟ್ಟಿದ್ದ, ಬಾಯಿ ಮೇಲಾಗಿ! ಬೈದೆ. "ಗಾಲಿ ಕಲ್ಲಿಗಿ ಹೊಡದ್ರ ನಮ್ಮ ಕುಂಡಿನ ಹೋಗ್ತದೋ ಕಾಕಾ, ಗೋಣಿ ಸುತ್ತಿ ಬಾಯಿ ಕೆಳಗ ಮಾಡಿಡು."

"ಹಾದ್ಯಾಗ ಹೊಂಟ ಬಂಡ್ಯಾಗೆಲ್ಲ ಹಿಂಗ ಇರ್ತಾವಪ್ಪ" ಅಂದ. "ಎಳದ ಕೂಡ್ಲೇ ಕೈಗಿ ಬರಬೇಕಲ್ಲ."

ಅದನ್ನು ವೈನಿ ಕೇಳಿಸಿಕೊಂಡಳು. ಕೊಡಲಿಯನ್ನು ತಾನೇ ಎಳೆದು, ಮೂರು ಬೆರಳಿನ ಕೈಯಲ್ಲಿ ಹಿಡಿದು ನನ್ನ ಮುಂದೆ ಹಾಕಿದಳು. "ಆಣಿ ಮರ್ತಿ ಏನ್ ದೌಲು?"

"ಮರ್ತಿಲ್ರಿ. ನಾ ಅದನ್ನ ಮುಟ್ಟಂಗಿಲ್ಲ" ಅಂದೆ. ಖರೆಯೇ ಅಂದೆ. ಕೊಡಲಿಯನ್ನು ಮನೆಯಲ್ಲಿಯೇ ಬಿಟ್ಟೆವು. ಅವ್ವ ಅದನ್ನು ನೋಡಿ ಮುಖ ತಿರುವಿದಳು.

೧೧ ನವೆಂಬರ್, ಅಫಜಲಪುರ

ನಿನ್ನೆ ಪಾಟೀಸವಾಲು ಮುಗಿಯಿತು. ಅವರ ವಕೀಲ ಎರಡು ತಾಸು ತಿರುಗಿಸಿ ತಿರುಗಿಸಿ ಕೇಳಿದ, ವೈನಿ ಒಂದು ಕೂದಲಷ್ಟೂ ಸರಿಯಲಿಲ್ಲ. ಕೊನೆಗೆ ಹೆಬ್ಬೆಟ್ಟು ಒತ್ತಿದಳು. ಶಾಂತಲಿಂಗಪ್ಪನವರು ಮೊದಲ ಸಲ ನೆಟ್ಟಗೆ ಮಾತಾಡಿದರು: "ಎಂಟು ದಿನದಾಗ ಫೈಸಲಾ. ಜನ್ಮಠೇಪ ಖಾಯಂ." ವೈನಿ ಅದಾಲತ್ತಿನ ಮೆಟ್ಟಿಲ ಮೇಲೆ ಕೂತು ಎಂಟು ತಿಂಗಳ ಅಳು ಒಂದೇ ಸಲ ಅತ್ತಳು. "ಮುಗೀತೋ ದೌಲು. 
ಯಾರ ಹೆಣಾನೂ ಬೀಳದಂಗ ಮುಗೀತು."

ನನಗೆ ಏನೂ ಅನ್ನಿಸಲಿಲ್ಲ. ಜನ್ಮಠೇಪ ಅಂದರೆ ಸಾಯುವವರೆಗೆ ಜೈಲು. ಅಲ್ಲಿಯೂ ಉಣ್ಣುತ್ತಾನೆ, ಮಲಗುತ್ತಾನೆ.

೧೨ ನವೆಂಬರ್, ಮಣ್ಣೂರ

ಸರಿಯಾಗಿ ಬರೆಯಬೇಕು.

ಹಣಮಂತ್ರಾಯ ಆಳಂದದಲ್ಲಿಯೇ ಉಳಿದ. ಬೀರಣ್ಣನ ಬಂಡಿಯಲ್ಲಿ ಅವನೂ ಒಬ್ಬ ಮುದುಕ ಆಳೂ ಇಬ್ಬರೇ. ಹವಳಗಾ ದಾಟಿ ಹಳ್ಳಕ್ಕೆ ಇಳಿಯುವಲ್ಲಿ, ಮಧ್ಯಾಹ್ನ ಇಳಿದ ಹೊತ್ತಿಗೆ, ಅವರ ಗಾಲಿ ಬಂಡೆ ಹತ್ತಿ ಬಂಡಿ ಮಗುಚಿತು. ಹುಲ್ಲಿನ ಅಡಿಯಲ್ಲಿ ಅವರೂ ಕೊಡಲಿ ಇಟ್ಟುಕೊಂಡಿದ್ದರು, ಬಾಯಿ ಮೇಲಾಗಿ. ಬೀರಣ್ಣ ಅದರ ಮೇಲೆಯೇ ಬಿದ್ದ. ನಾವು ಮುಟ್ಟುವಷ್ಟರಲ್ಲಿ ಎಡತೊಡೆ ಬಾಯಿ ಬಿಟ್ಟಿತ್ತು. ಕೆಂಪು ರಕ್ತ, ಎದೆ ಬಡಿದಂತೆ ಚಿಮ್ಮಿ ಚಿಮ್ಮಿ ಬರುತ್ತಿತ್ತು. ಮುದುಕ ಎತ್ತು ಬಿಟ್ಟು ಹವಳಗಾದ ಕಡೆ ಕೂಗುತ್ತ ಓಡಿದ.

ಸೈದಪ್ಪ ಕಾಕಾ "ನಾ ಇಳ್ಯಂಗಿಲ್ಲ" ಅಂದು ಮೂಕಿಯ ಮೇಲೆ ಕೂತೇ ಉಳಿದ. ನಾನು ಇಳಿದೆ, ಆದರೆ ಗಾಲಿಯ ಹತ್ತಿರ ನಿಂತೆ. ವೈನಿ ಓಡಿದಳು. ಅವನು ನೀರು ಕೇಳಿದ, ಆಕೆ ತಂಬಿಗೆ ಎತ್ತಿ ಅವನ ಬಾಯಿಗೆ ಹಿಡಿದಳು. ನಮ್ಮ ಮನೆಯ ನೀರು!

"ಡಬ್ಬಿ ತಾರೋ!" ಎಂದು ಒದರಿದಳು. ನಾನು ಕದಲಲಿಲ್ಲ. ತಾನೇ ಬಂದು ಡಬ್ಬಿ ಕಿತ್ತುಕೊಂಡು ಹೋಗಿ ನೆಲಕ್ಕೆ ಸುರುವಿದಳು. ಚೂರಿ ಬಿದ್ದಿತು. ಅದನ್ನು ನೋಡಿ ಒಂದು ಕ್ಷಣ ನನ್ನನ್ನು ನೋಡಿದಳು. ಪಟ್ಟಿ ತೆಳ್ಳಗಿದ್ದವು, ಗಟ್ಟಿ ಬಟ್ಟೆ ಒಂದೇ ಇತ್ತು. ಕಾಗದ ಹರಿದು ಅಣ್ಣನ ರುಮಾಲಿನ ತುಂಡನ್ನು ಬೀರಣ್ಣನ ತೊಡೆಗೆ ಕಟ್ಟಿದಳು, ಹಾವು ಕಚ್ಚಿದವರಿಗೆ ಕಟ್ಟುವ ಹಾಗೆ. ಮೂರು ಬೆರಳು, ಜಾರುತ್ತಿತ್ತು. ಹಲ್ಲಿನಿಂದ ಎಳೆದು ಬಿಗಿದಳು. ರಕ್ತ ಇನ್ನೂ ಜೋರಾಯಿತು.

"ಕಟಗಿ ಎಲ್ಲದೋ ದೌಲು? ನಿನ್ನ ಸೊಲ್ಲಾಪುರದ ಕಟಗಿ?"

ಕಂಡಿಕೆ ನನ್ನ ಎದೆಯ ಮೇಲಿತ್ತು, ಒಳಕಿಸೆಯಲ್ಲಿ. ಕೋಟಿನ ಮೇಲಿನಿಂದಲೇ ಕೈಗೆ ತಾಗುತ್ತಿತ್ತು.

"ಮನ್ಯಾಗ ಉಳದದ ವೈನಿ" ಅಂದೆ.

"ಬ್ಯಾರೆ ಯಾವುದರ?"

"ಬ್ಯಾರೇದು ನಡ್ಯಂಗಿಲ್ರಿ."

ಬೀರಣ್ಣ ನನ್ನ ಕಡೆ ಕೈ ಚಾಚಿದ. ಮುಖ ಬಿಳಚಿತ್ತು. "ದೌಲಪ್ಪಾ, ನೀ ಬಾರೋ. ನಿನ್ನ ಕೈ ಹಗೂರ ಅದ." ಎರಡು ಸಲ ಅಂದ. ಮೂರನೇ ಸಲ ತುಟಿ ಮಾತ್ರ ಆಡಿತು.

ವೈನಿ ಎರಡೂ ಕೈಯಿಂದ ತೊಡೆ ಅದುಮಿ ಹಿಡಿದೇ ಇದ್ದಳು. ಅವನು ಹೋದ ಮೇಲೂ ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ತನ್ನ ಬಲಗೈ ನೋಡಿಕೊಂಡಳು. "ಬೆರಳು ಇದ್ದಿದ್ರ ಬಿಗೀತಿದ್ದೆನೋ ದೌಲು. ನನ್ನ ಕೈಯಾಗ ಹ್ವಾದ. ನನ್ನ ಕೈಯಾಗ ಹ್ವಾದ." ಹಾದಿಯುದ್ದಕ್ಕೂ ಅದೊಂದೇ ಮಾತು. ನಾನು ಸಮಾಧಾನ ಮಾಡಿದೆ: "ನಿಮ್ಮ ತಪ್ಪಲ್ರಿ, ಗಾಯನ ಹಂಗಿತ್ತು."

ಆಣೆ ಉಳಿಯಿತು. ನಾನು ಕೊಡಲಿ ಮುಟ್ಟಲಿಲ್ಲ, ಚೂರಿಯನ್ನೂ ಮುಟ್ಟಲಿಲ್ಲ. ಅವರ ಕೊಡಲಿ, ಅವರ ಬಂಡಿ. ಇಂಥ ಗಾಯಕ್ಕೆ ದೊಡ್ಡ ಡಾಕ್ಟರರೇ ಬೇಕು.

೧೪ ನವೆಂಬರ್

ಅವ್ವ ಅಣ್ಣನ ರುಮಾಲನ್ನು ಹೊಳೆಗೆ ಒಯ್ದು ತೊಳೆದಳು. ಎಷ್ಟು ಬಡಿದರೂ ಕಲೆ ಪೂರ್ತಿ ಹೋಗಲಿಲ್ಲವಂತೆ. ಮನೆಯಲ್ಲಿ ಹೋಳಿಗೆ ಮಾಡಿದಳು, ನನ್ನ ತಾಟಿಗೆ ತಾನೇ ತುಪ್ಪ ಬಡಿಸಿದಳು. ಮೂರು ತಿಂದೆ. ಬೀರಣ್ಣನ ಮನೆಯ ಕಡೆಯಿಂದ ಹೆಂಗಸರ ಅಳು ಕೇಳುತ್ತಿತ್ತು, ಅವ್ವ ಎದ್ದು ಕಿಟಕಿ ಮುಚ್ಚಿದಳು. ವೈನಿ ಉಣ್ಣಲಿಲ್ಲ. ಎರಡು ದಿನದಿಂದ ಬೂದಿ ಹಾಕಿ ಕೈ ತಿಕ್ಕುತ್ತಾಳೆ, ತೊಳೆಯುತ್ತಾಳೆ, ಮತ್ತೆ ತಿಕ್ಕುತ್ತಾಳೆ.

೧೬ ನವೆಂಬರ್

ವೈನಿ ತವರಿಗೆ ಹೋದಳು, ನೆಲೋಗಿಗೆ. ಅವಳ ಅಣ್ಣ ದೇವಿಂದ್ರಪ್ಪ ಬಂದು ಕರೆದುಕೊಂಡು ಹೋದ. ಅವಳು ತಿರುಗಿ ಬರುವುದಿಲ್ಲವೆಂದು ಅವನೇ ಹೇಳಿದ. ಎಂಟು ತಿಂಗಳು ಜೀವ ಕೈಯಲ್ಲಿ ಹಿಡಿದು ಅವಳನ್ನು ಅದಾಲತ್ತಿಗೆ ಮುಟ್ಟಿಸಿದೆ, ಹೋಗುವಾಗ ನನ್ನ ಮುಖವನ್ನೂ ನೋಡಲಿಲ್ಲ. ದಣಿದಿರಬೇಕು.

ಹೊರಡುವ ಮೊದಲು ನನ್ನ ಬಟ್ಟೆಯೆಲ್ಲ ಒಗೆದು ಹಾಕಿದ್ದಳು, ಕೋಟನ್ನೂ. ಒಳಗೆ ಹೋಗಿ ನೋಡಿದರೆ ಡಬ್ಬಿಯ ಮುಚ್ಚಳದ ಮೇಲೆ ನಟ್ಟನಡುವೆ ಕಂಡಿಕೆ ಇತ್ತು. ಅದನ್ನೂ ಬೂದಿ ಹಾಕಿ ತಿಕ್ಕಿ ತೊಳೆದಿದ್ದಳು. ಈ ಸಲ ಅದಕ್ಕೆ ರಕ್ತ ಹತ್ತಿಯೇ ಇರಲಿಲ್ಲ.

ನಾಳೆ ಸೊಲ್ಲಾಪುರಕ್ಕೆ ಹೊರಡುತ್ತೇನೆ, ಗಿರಣಿಯಲ್ಲಿ ಕೇಳಿ ನೋಡಬೇಕು. ರೇವಮ್ಮಕಾಕಿಯಿಂದ ಸೂಜಿ ತಿರುಗಿ ತಂದೆ. ಅಜವಾನ ಹಾಕಿದೆ. ಟಿಂಕ್ಚರ್ ಅರ್ಧ ಸೀಸೆ ಉಳಿದಿದೆ, ಪಟ್ಟಿ ಹನ್ನೊಂದು, ಕಂಡಿಕೆಯೂ ತನ್ನ ಜಾಗಕ್ಕೆ ಬಂತು. ಹಾದಿಯಲ್ಲಿ ಆಗುವ ಸಣ್ಣಪುಟ್ಟ ಗಾಯಕ್ಕೆ ಇಷ್ಟು ಸಾಕು.